ಚಿಕ್ಕಪ್ಪನ ಉಡಿದಾರ ಮತ್ತು ಸ್ಕ್ಯಾನು

ನಮ್ಮ ಚಿಕ್ಕಪ್ಪ ಹುಲಿಗೂ ಹೆದರುವವರಲ್ಲ. ಉಪ್ಪುಂದದಲ್ಲಿ ಯಾರನ್ನು ಬೇಕಾದರೂ ಕೇಳಿ. ಉಪ್ಪುಂದದಲ್ಲಿ ಹುಲಿಯೇ ಇಲ್ಲ ಎಂಬುದು ಬೇರೆ ಮಾತು!

ತೆಂಗಿನಕಾಯಿ ವ್ಯಾಪಾರಿ, ವಯಸ್ಸು ಅರವತ್ತೆಂಟು. ಒಂದು ವರ್ಷದಿಂದ ದಿನಕ್ಕೆ ಹದಿನೈದು ಸಲ ಒಂದಕ್ಕೆಂದು ತೋಟಕ್ಕೆ ಓಡುತ್ತಿದ್ದರು. ಚಿಕ್ಕಮ್ಮ ಕೇಳಿದರೆ, "ತೆಂಗಿಗೆ ಉಪ್ಪಿನ ಸಾರ ಬೇಕ್ ಮಾರಾಯ್ತಿ!" ಸಾರ ಹೆಚ್ಚಾಗಿ ಒಂದು ಗಿಡ ಒಣಗಿಯೇ ಹೋಯಿತು. ಆಮೇಲೆ ನಾನೇ ಎಳೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ.

ಡಾಕ್ಟರು ಚೀಟಿ ನೋಡಿ ನಗಲಿಲ್ಲ. ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇರಬಹುದು, ಸೂಜಿ ಚುಚ್ಚುವ ಮೊದಲು ಹೊಸ ತರಹದ ಎಂ.ಆರ್.ಐ. ಮಾಡೋಣ, ಇದ್ದರೆ ಎಲ್ಲಿದೆ ಎಂದು ಕಾಣುತ್ತದೆ ಎಂದರು. ಚಿಕ್ಕಪ್ಪ ಮಾತ್ರ, "ಫೋಟೋ ತೆಗುದಲ್ದಾ? ತೆಗಿಲಿ" ಎಂದರು.

ಸ್ಕ್ಯಾನಿನ ದಿನ ಇಬ್ಬರೂ ಬಸ್ಸಿನಲ್ಲಿ ತ್ರಾಸಿ ದಾಟಿ ಆಸ್ಪತ್ರೆ ಮುಟ್ಟಿದೆವು.

ಮೈಮೇಲೆ ಲೋಹ ಇರಬಾರದು ಎಂದಳು ಸ್ಕ್ಯಾನಿನ ಹುಡುಗಿ. ವಾಚು ಹೋಯಿತು, ಉಂಗುರ ಹೋಯಿತು. ಸೊಂಟದ ಕರಿ ಉಡಿದಾರದಲ್ಲಿ ಬೆಳ್ಳಿಯ ತಾಯಿತ ಇತ್ತು. ಗಂಟು ಕಲ್ಲಾಗಿತ್ತು. ಅವಳು ಕತ್ತರಿ ತಂದಳು.

ಚಿಕ್ಕಪ್ಪ ಎರಡು ಹೆಜ್ಜೆ ಹಿಂದಕ್ಕೆ! "ಹ್ವಾಯ್, ಎಂತ ಮಾಡುದ್ ಹೆಣ್ಣೇ? ಉಡ್ದಾರ ಕೊಯ್ಯುದ್ ಹೆಣಕ್ಕೆ!"

"ತೆಗೆಯದಿದ್ದರೆ ಸ್ಕ್ಯಾನ್ ಇಲ್ಲ ಅಜ್ಜಾ."

ನಮ್ಮ ಕಡೆ ಗಂಡಸಿನ ಸೊಂಟ ಬರಿದಾಗುವುದು ಸತ್ತ ಮೇಲೆಯೇ. ನಾನು ಓಡಿಹೋಗಿ ಎದುರಿನ ಅಂಗಡಿಯಿಂದ ಕರಿ ನೂಲು ತಂದೆ.

"ಮೊದ್ಲ್ ಹೊಸತ್ ಕಟ್ಟ್, ಮತ್ತೆ ಹಳತ್ ಕೊಯ್ಯಿ. ಬರಿ ಸೊಂಟ ಕಂಡ್ರೆ ಯಮ, ಇವ ಸತ್ತವ್ನೇ ಅಂದ್ಕಂಡ್ ಒಳಗ್ ಬತ್ತ!"

ನಗು ಬರಬೇಕಿತ್ತು. ಆದರೆ ನಾನು ಹೊಸ ನೂಲಿಗೆ ಒಂದರ ಮೇಲೊಂದು ಮೂರು ಗಂಟು ಹಾಕಿದೆ, ಆಮೇಲೆಯೇ ಹಳೆಯದು ಕತ್ತರಿಗೆ ಸಿಕ್ಕಿತು.

ಮುಕ್ಕಾಲು ಗಂಟೆ ಯಂತ್ರ ಢಬಢಬ ಎಂದಿತು. ಹೊರಗೆ ಕೂತ ನಾನು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೇಳಿಕೊಂಡೆ. ಇನ್ನು ಅವನ್ನೆಲ್ಲ ತೀರಿಸಲು ಒಂದು ಜನ್ಮ ಸಾಲದು!

ಮೂರನೆಯ ದಿನ ಡಾಕ್ಟರು ಚಿತ್ರದಲ್ಲಿ ಒಂದು ಚುಕ್ಕಿ ತೋರಿಸಿದರು. "ಅನುಮಾನದ ಜಾಗ ಇಷ್ಟೇ. ಹೊರಗೆ ಹರಡಿದ ಹಾಗೆ ಕಾಣುವುದಿಲ್ಲ. ಸೂಜಿ ಇಲ್ಲಿಗೇ ಹಾಕಿ ನೋಡೋಣ."

ಚಿಕ್ಕಪ್ಪ ಸೂಜಿಯ ಮಾತೇ ಎತ್ತಲಿಲ್ಲ. ಐವತ್ತು ದಾಟಿದ ನನ್ನನ್ನು ಮುಂದಕ್ಕೆ ತಳ್ಳಿ, ಅಂಗಿಯ ತೋಳು ಮೇಲೆಳೆದು, ನನ್ನ ಕೈಯನ್ನು ಡಾಕ್ಟರ ಮೇಜಿನ ಮೇಲಿಟ್ಟರು.

"ಇವ್ನ ರಕ್ತನೂ ಒಂಚೂರ್ ಕಾಣಿ ಡಾಕ್ಟ್ರೇ. ಇವ್ನ ಅಪ್ಪಯ್ಯ, ನಮ್ಮಣ್ಣಯ್ಯ, ಇದೇ ಕಾಯ್ಲಿಗೆ ಹೋದ್ರ್. ಅವ್ರ ಉಡ್ದಾರ ಕೊಯ್ದದ್ದ್ ನಾನೇ. ಇವಂದ್ ಕೊಯ್ಯುಕೆ ನನ್ ಕೈಯಂಗೆ ಆತಿಲ್ಲೆ."