ಮುನಿಶಾಮಪ್ಪನವರ ಏಳನೇ ಕಲಮು

ರೇಷ್ಮೆ ಹುಳುಗಳಿಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ ಎಂಬ ಸಣ್ಣ ಸಂಗತಿಯನ್ನು ಮುನಿಶಾಮಪ್ಪನವರು ಕಾನೂನು ಬರೆಯುವಾಗ ಮರೆತುಬಿಟ್ಟಿದ್ದರು.

ಸಾದಲಿ ಹತ್ತಿರದ ಅವರ ಊರಿನಲ್ಲಿ ಹುಳು ಸಾಕುವವರು ಹದಿನಾರು ಮನೆ. ಹಣ್ಣಾದ ಹುಳು ಗೂಡು ಕಟ್ಟಲು ಬೇಕಾದ ಬಿದಿರಿನ ಚಂದ್ರಿಕೆಗಳು ಮಾತ್ರ ಸಂಘದ್ದು, ಒಂದೇ ಒಂದು ಸೆಟ್ಟು. ಮೊದಲು ಅವು ಟ್ರಾಕ್ಟರ್ ಇದ್ದವರ ಪಾಲು. ಊರ ಕೊನೆಯ ಬೀದಿಯವರಿಗೆ ಎಲ್ಲರದ್ದೂ ಮುಗಿದ ಮೇಲೆ, ಅದೂ ಮುರಿದವು. ಹೋದ ವರ್ಷ ಆ ಬೀದಿಯ ಆದಿಲಕ್ಷ್ಮಮ್ಮನ ಬೆಳೆ ಪೂರ್ತಿ ತಟ್ಟೆಯಲ್ಲೇ ಹಾಳಾದಾಗ, ಸಂಘದ ಕಾರ್ಯದರ್ಶಿ ಮುನಿಶಾಮಪ್ಪನವರ ಕರುಳು ಚುರುಕ್ಕೆಂದಿತು. ಅಂದೇ ಕೂತು ನೋಟ್‌ಬುಕ್ಕಿನಲ್ಲಿ ಆರು ಕಲಮು ಬರೆದರು. ಹುಳು ತಂದ ದಿನದ ಪ್ರಕಾರ ಸರದಿ. ಗೊತ್ತಾದ ತಾರೀಕಿಗೆ ಮುಂಚೆ ಯಾರಿಗೂ, ಯಾವ ಕಾರಣಕ್ಕೂ ಚಂದ್ರಿಕೆ ಕೊಡತಕ್ಕದ್ದಲ್ಲ ಎಂದು ಮೊದಲನೆಯದು. ಯಾವ ಕಲಮು ಬದಲಾಯಿಸಲೂ ಹನ್ನೊಂದು ಮನೆಯ ಸಹಿ ಬೇಕು ಎಂದು ಕೊನೆಯದು. ಚಂದ್ರಿಕೆಗಳಿಗೆ ಸರಪಳಿ ಬಿದ್ದು, ಬೀಗದ ಕೈ ಆದಿಲಕ್ಷ್ಮಮ್ಮನ ಸೊಂಟಕ್ಕೆ ಹೋಯಿತು.

ಅಲ್ಲಿಂದ ಜಗಳವೇ ನಿಂತುಹೋಯಿತು. ಹೆಂಡತಿಯ ತಮ್ಮ ಎರ್ರಪ್ಪ ಒಂದು ದಿನ ಮುಂಚೆ ಕೇಳಿಕೊಂಡು ಬಂದಾಗಲೂ ಮುನಿಶಾಮಪ್ಪನವರು ಕಾನೂನು ತಮ್ಮಪ್ಪನಿಗೂ ಒಂದೇ ಎಂದು ಹೇಳಿ ವಾಪಸ್ಸು ಕಳಿಸಿದ್ದರು. ಆ ಸಿಟ್ಟಿಗೆ ಎರ್ರಪ್ಪ ಎರಡು ತಿಂಗಳು ಅಕ್ಕನ ಮನೆಯ ಕಾಫಿ ಮುಟ್ಟಿರಲಿಲ್ಲ.

ಈ ಬೆಳಿಗ್ಗೆ ಹೆಂಡತಿ ಶ್ಯಾಮಲಮ್ಮ ಹುಳುಮನೆಯಿಂದ ಕೂಗಿದರು. ನಾಳೆ ಹಣ್ಣಾಗಬೇಕಿದ್ದ ಹುಳುಗಳಲ್ಲಿ ಅರ್ಧದಷ್ಟು ಇವತ್ತೇ ಬಂಗಾರದ ಬಣ್ಣಕ್ಕೆ ತಿರುಗಿ, ಸೊಪ್ಪು ಬಿಟ್ಟು, ತಲೆ ಎತ್ತಿ ಜಾಗ ಹುಡುಕುತ್ತಿದ್ದವು. ಮುನಿಶಾಮಪ್ಪನವರ ಸರದಿ ನಾಳೆ ಬೆಳಿಗ್ಗೆ.

"ಇವಕ್ಕೆ ಸದ್ಯ ಒಣಗಿದ ಕಡ್ಡಿ ಹಾಸಣ. ಮಿಕ್ಕಿದ್ದಕ್ಕೆ ನಾಳೆ ಚಂದ್ರಿಕೆ ಬರ್ತವಲ್ಲ," ಎಂದರು ಶ್ಯಾಮಲಮ್ಮ.

ಮುನಿಶಾಮಪ್ಪನವರಿಗೆ ಒಪ್ಪಿಗೆಯಾಗಲಿಲ್ಲ. ಕಡ್ಡಿಯ ಮೇಲಿನ ಗೂಡಿಗೆ ಕಸ ಅಂಟುತ್ತದೆ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳು ಮೂಗು ಮುರಿಯುತ್ತಾರೆ. ಅಲ್ಲದೆ ಹಿಂದಿನ ಸರದಿಯವರು ಒಂದು ದಿನ ಮುಂಚೆಯೇ ಹಿಂದಿರುಗಿಸಿದ್ದರಿಂದ ಚಂದ್ರಿಕೆಗಳು ಸಂಘದ ಶೆಡ್ಡಿನಲ್ಲಿ ಸುಮ್ಮನೆ ಬಿದ್ದಿದ್ದವು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಹೊರಟೇಬಿಟ್ಟರು.

ಆದಿಲಕ್ಷ್ಮಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಬೀಗದ ಕೈಯನ್ನು ಮಾತ್ರ ಮುಟ್ಟಲಿಲ್ಲ.

"ಯಾವ ಕಾರಣಕ್ಕೂ ಅಂತ ನೀವೇ ಬರ್ದಿದ್ದೀರ ಅಣ್ಣ. ಕೆಳಗೆ ಎರಡು ಗೀಟು ಬೇರೆ ಎಳ್ದಿದ್ದೀರ."

ತಾವು ಕಾರ್ಯದರ್ಶಿ ಎಂಬುದನ್ನು ಮುನಿಶಾಮಪ್ಪನವರು ಮೆಲ್ಲಗೆ ನೆನಪಿಸಿದರು. ಕಾರ್ಯದರ್ಶಿ ಅನ್ನುವ ಮಾತು ಆರು ಕಲಮಿನಲ್ಲಿ ಎಲ್ಲೂ ಇಲ್ಲ ಎಂದಳು ಅವಳು. ಆಮೇಲೆ ದನಿ ತಗ್ಗಿಸಿ, "ನಿಮಗೆ ಅಂತ ಇವತ್ತು ತೆಗೆದ್ರೆ, ನಾಳೆ ಟ್ರಾಕ್ಟರ್‌ನೋರು ಬಂದು ನಿಂತಾಗ ನಾನು ಏನು ಹೇಳ್ಲಿ?" ಎಂದು ಕೇಳಿದಳು.

ಮುನಿಶಾಮಪ್ಪನವರಿಗೆ ಮೈಯೆಲ್ಲ ಉರಿಯಿತು. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು, ಆದರೆ ಹೆಮ್ಮೆಯ ಮೇಲೆ ಹುಳು ಗೂಡು ಕಟ್ಟುವುದಿಲ್ಲ.

ಉಳಿದದ್ದು ಆರನೇ ಕಲಮು. ಬಸ್ ನಿಲ್ದಾಣದಲ್ಲಿ ಕೊನೆಯ ಬೀದಿಯ ಕೊಂಡಪ್ಪನ ಮಗಳು ಸಂಘಮಿತ್ರ ನಿಂತಿದ್ದಳು, ಲಾ ಓದುವ ಹುಡುಗಿ. ಈ ಒಂದು ಸಲ ಮುನಿಶಾಮಪ್ಪನವರಿಗೆ ಮಾತ್ರ ಮುಂಚೆ ಕೊಡಬಹುದು ಅಂತ ಒಂದು ತಿದ್ದುಪಡಿ ಬರೆದುಕೊಡಮ್ಮ ಎಂದರು.

ಅವಳು ತಲೆ ಅಲ್ಲಾಡಿಸಿದಳು. "ಒಬ್ಬರ ಹೆಸರಿಗೆ ಬರೆದ್ರೆ ಅದು ಕಾನೂನಲ್ಲ ಅಂಕಲ್, ಚೀಟಿ. ಎಲ್ಲರಿಗೂ ಅಪ್ಲೈ ಆಗಬೇಕು."

ಬಸ್ಸು ಬಂದು ಹೋಯಿತು. ಅವಳು ಕಲ್ಲುಬೆಂಚಿನ ಮೇಲೆ ಕೂತು ಏಳನೇ ಕಲಮು ಬರೆದುಕೊಟ್ಟಳು: ಚಂದ್ರಿಕೆ ಖಾಲಿ ಇದ್ದಾಗ, ತಾರೀಕು ಏನೇ ಇರಲಿ, ಯಾರ ಹುಳು ಎಲ್ಲರಿಗಿಂತ ಮೊದಲು ಹಣ್ಣಾಗಿದೆಯೋ ಅವರಿಗೇ ಕೊಡತಕ್ಕದ್ದು. ಮುನಿಶಾಮಪ್ಪನವರು ಎರಡು ಸಲ ಓದಿಕೊಂಡರು. ತಮ್ಮ ಹೆಸರು ಇರಲಿಲ್ಲ, ಆದರೆ ತಮ್ಮ ಅಳತೆಗೇ ಹೊಲಿಸಿದ ಅಂಗಿಯ ಹಾಗಿತ್ತು.

ಸಹಿ ಹಾಕಿಸುವುದು ಹುಳು ಸಾಕುವುದಕ್ಕಿಂತ ಕಷ್ಟ ಎಂದು ಗೊತ್ತಾದದ್ದು ಆಮೇಲೆ. ಒಬ್ಬರು ಬದುವಿನ ಜಗಳ ಮೊದಲು ತೀರಿಸಿ ಎಂದರು. ಇನ್ನೊಬ್ಬರು ಕನ್ನಡಕ ಹುಡುಕಲು ಮುಕ್ಕಾಲು ಗಂಟೆ ತೆಗೆದುಕೊಂಡರು. ಎಲ್ಲರ ಮನೆಯಲ್ಲೂ ಟೀ ಕುಡಿಯದಿದ್ದರೆ ಪೆನ್ನು ಮೇಲೇಳಲಿಲ್ಲ. ಎರ್ರಪ್ಪ ಏಳೂ ಕಲಮುಗಳನ್ನು ಗಟ್ಟಿಯಾಗಿ ಓದಿಸಿ, ಜಗಲಿಯ ಮೇಲೆ ಕಾಲು ಚಾಚಿದ.

"ಏಂ ಬಾವ, ಕಾನೂನು ನಿಮ್ಮಪ್ಪಂಗೂ ಒಂದೇ ಅಂದಿದ್ರಿ. ಪಾಪ ಅಪ್ಪಂಗೇ ಒಂದು, ನಿಮಗೇ ಒಂದಾ?"

ಎರಡು ತಿಂಗಳ ಕಾಫಿಯ ಸೇಡು ತೀರಿದ ಮೇಲೆ ಅವನೂ ಸಹಿ ಹಾಕಿದ. ಹತ್ತು ಮನೆಯಾಗುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ಹನ್ನೊಂದನೆಯದು ಕೊಂಡಪ್ಪನ ಮನೆ. ಅವನು ಬೆರಳಿಟ್ಟು ಅಕ್ಷರ ಅಕ್ಷರ ಓದಿದ. ಇದು ಯಾವತ್ತಿಂದ ಜಾರಿ ಎಂದು ಕೇಳಿದ. ನೀನು ಸಹಿ ಹಾಕಿದ ಗಳಿಗೆಯಿಂದ ಎಂದರು ಮುನಿಶಾಮಪ್ಪನವರು. ಕೊಂಡಪ್ಪ ಸಹಿ ಹಾಕಿದವನೇ ಚಪ್ಪಲಿ ಮೆಟ್ಟಿಕೊಂಡ.

ಅವರು ಟೆಂಪೋ ಗೊತ್ತುಮಾಡಿಕೊಂಡು ಶೆಡ್ಡಿಗೆ ಬರುವಷ್ಟರಲ್ಲಿ ಸರಪಳಿ ಬಿಚ್ಚಿತ್ತು. ಕೊಂಡಪ್ಪ ತನ್ನ ಗಾಡಿಗೆ ಚಂದ್ರಿಕೆ ಏರಿಸುತ್ತಿದ್ದ. ಆದಿಲಕ್ಷ್ಮಮ್ಮ ನಿಂತು ಎಣಿಸಿಕೊಡುತ್ತಿದ್ದಳು.

ಕೊಂಡಪ್ಪ ಹುಳು ತಂದದ್ದು ಅವರಿಗಿಂತ ಒಂದು ದಿನ ತಡವಾಗಿ. ಸರದಿಯೂ ಅವರ ನಂತರ. ಆದರೆ ಶೀಟಿನ ಮನೆಯ ಸೆಕೆಗೆ ಅವನ ಹುಳು ನೆನ್ನೆ ಸಂಜೆಯೇ ಹಣ್ಣಾಗಿದ್ದವು. ಅದೇ ಬೀದಿಯ ಆದಿಲಕ್ಷ್ಮಮ್ಮ ನೆನ್ನೆಯೇ ಹೋಗಿ ಕಣ್ಣಾರೆ ನೋಡಿ ಬಂದಿದ್ದಳು. ಕಾನೂನು ಅಂದರೆ ಕಾನೂನು ಎಂದು ಕೊಂಡಪ್ಪ ಯಾರಲ್ಲೂ ಚಂದ್ರಿಕೆ ಕೇಳದೆ, ಹುಳು ಸಾಯುವುದನ್ನು ನೋಡುತ್ತ ಕೂತಿದ್ದ.

ಅವನು ಬಂದು ಮುನಿಶಾಮಪ್ಪನವರ ಎರಡೂ ಕೈ ಹಿಡಿದುಕೊಂಡ. "ಮುನಿಶಾಮಣ್ಣ, ನಮ್ಮ ಹುಳ ಸತ್ರೆ ಮುಂಚೆ ಯಾರೂ ಕೇಳ್ತಿರಲಿಲ್ಲ. ನೀವು ಬಿಸಿಲಲ್ಲಿ ಮನೆ ಮನೆ ಅಲೆದು ನನಗೋಸ್ಕರ ಕಾನೂನು ತಿದ್ದಿದ್ರಿ."

ಸುತ್ತ ಸೇರಿದ್ದವರು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಎರ್ರಪ್ಪ. ಮುನಿಶಾಮಪ್ಪನವರು ಕೊನೆಯ ನಾಲ್ಕು ಚಂದ್ರಿಕೆಗಳನ್ನು ತಾವೇ ಎತ್ತಿ ಗಾಡಿಗಿಟ್ಟರು. ಟೆಂಪೋದವನು ಬಾಡಿಗೆ ಕೇಳಿದ.

ಮನೆಯಲ್ಲಿ ಶ್ಯಾಮಲಮ್ಮ ಕಡ್ಡಿ ಮುರಿಯುತ್ತಿದ್ದರು. ಕತೆಯೆಲ್ಲ ಕೇಳಿ, ಕೊಂಡಪ್ಪ ಯಾವಾಗ ಹಿಂದಕ್ಕೆ ಕೊಡುತ್ತಾನೆ ಎಂದರು. ಗೂಡು ಬಿಡಿಸಿಯೇ ಕೊಡುವುದು, ಐದು ದಿನವಾಗುತ್ತೆ ಎಂದರು ಇವರು.

"ಸುಮ್ನೆ ಮನೇಲಿ ಕೂತಿದ್ದಿದ್ರೆ, ನಾಳೆ ಬೆಳಿಗ್ಗೆ ನಮಗೇ ಬರ್ತಿತ್ತು."

ಮುನಿಶಾಮಪ್ಪನವರು ಪಕ್ಕದಲ್ಲಿ ಕೂತು ಒಂದು ಕಡ್ಡಿ ಮುರಿದರು. ಕೊಂಡಪ್ಪ ಹಿಡಿದುಕೊಂಡ ಕೈ ಇನ್ನೂ ಬೆಚ್ಚಗಿತ್ತು. ಅಷ್ಟರಲ್ಲಿ ಫೋನು ಬಂತು. ಸಂಘಮಿತ್ರ. ಏಳನೇ ಕಲಮನ್ನು ದೊಡ್ಡದಾಗಿ ಬರೆದು ಶೆಡ್ಡಿನ ಗೋಡೆಗೆ ಅಂಟಿಸಲಾ ಎಂದು ಕೇಳುತ್ತಿದ್ದಳು.

ಅವರು ಹುಳುಗಳ ಕಡೆ ನೋಡಿದರು, ಹೆಂಡತಿಯ ಕಡೆ ನೋಡಿದರು.

"ಅಂಟಿಸಮ್ಮ," ಎಂದರು. "ಕೆಳಗೆ ಎರಡು ಗೀಟು ಎಳಿ."