ಹಿತಕಿದ ಬೇಳೆಯ ಸಮಾಜಶಾಸ್ತ್ರ

ನಮ್ಮ ಶಿಡ್ಲಘಟ್ಟದಲ್ಲಿ ವೆಂಕಟರವಣಪ್ಪನನ್ನು ಏಮಾರಿಸಿದವರು ಇನ್ನೂ ಹುಟ್ಟಿಲ್ಲ. ಇದು ಜಂಬದ ಮಾತಲ್ಲ, ಊರೇ ಒಪ್ಪಿದ ಸತ್ಯ. ವೆಂಕಟರವಣಪ್ಪ ಎಂದರೆ ನಾನೇ.

ಚಿಂತಾಮಣಿ ರೂಟಿನಲ್ಲಿ ಬಸ್ ಕಂಡಕ್ಟರಾಗಿದ್ದಾಗ, ಗೊರಕೆ ಹೊಡೆಯುವವರ ಕಿವಿಯ ಹತ್ತಿರ "ಚಿಂತಾಮಣಿ, ಚಿಂತಾಮಣಿ, ಇಳೀರಿ" ಎಂದು ಪಿಸುಗುಟ್ಟಿ ನಡುದಾರಿಯ ಹುಣಸೆಮರದ ಕೆಳಗೆ ಇಳಿಸಿದವನು ನಾನು. ಅವರು ಪಂಚೆ ಸರಿಮಾಡಿಕೊಂಡು ಬೆಪ್ಪಾಗಿ ನಾಲ್ಕು ಕಡೆ ನೋಡುವಾಗ ಸೀಟಿ ಊದಿ ಮತ್ತೆ ಹತ್ತಿಸಿಕೊಳ್ಳುತ್ತಿದ್ದೆ. ಅಷ್ಟು ಧರ್ಮ ನನ್ನಲ್ಲಿತ್ತು. ನನ್ನ ಜೀವದ ಗೆಳೆಯ, ಎದುರು ಮನೆಯ ಪಿಳ್ಳಪ್ಪನ ಮದುವೆಯಲ್ಲಿ ಅವನ ಒಂದು ಚಪ್ಪಲಿ ಬಚ್ಚಿಟ್ಟೆ. ಮದುಮಗ ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ಅಡುಗೆ ಭಟ್ಟರದು ಮೆಟ್ಟಿಕೊಂಡು ಮಾವನ ಮನೆಗೆ ಹೋದ. ಇಂಥ ಮನುಷ್ಯನನ್ನು ಕೆಡವಲು ಒಂದು ಶಾಸ್ತ್ರವೇ ಬೇಕಾಯಿತು ನೋಡಿ. ಅದೇ ಸಮಾಜಶಾಸ್ತ್ರ!

ನನ್ನ ಹೆಂಡತಿ ರತ್ನಮ್ಮನಿಗೆ ಪಿ.ಯು.ಸಿ. ಮುಗಿಯುತ್ತಲೇ ಮದುವೆಯಾಗಿತ್ತು, ಓದು ಅಲ್ಲಿಗೇ ನಿಂತಿತ್ತು. ಈಗ ಮೊಮ್ಮಕ್ಕಳು ಕಂಡ ಮೇಲೆ, ಮನೆಯಲ್ಲೇ ಕೂತು ಓದುವ ಬಿ.ಎ.ಗೆ ಸೇರಿಕೊಂಡಳು. ಓದಲಿ, ಬೇಡ ಎಂದವನು ನಾನಲ್ಲ. ಆದರೆ ಅದೇ ಸಮಯಕ್ಕೆ ನಮ್ಮ ಬೀದಿಗೆ ಪ್ರಭಾಕರ್ ಎಂಬ ನಿವೃತ್ತ ಲೆಕ್ಚರರ್ ಬಾಡಿಗೆಗೆ ಬರಬೇಕೇ? ಅವರು ಕಲಿಸಿದ ವಿಷಯ ಸಮಾಜಶಾಸ್ತ್ರವೇ ಆಗಿರಬೇಕೇ? ಒಂಟಿ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ. ತಲೆಯಲ್ಲಿ ಎಲ್ಲ ಕೂದಲೂ ಇದೆ!

"ಪಾಪ, ಬಿಡುವಿದ್ದಾಗ ಪಾಠ ಹೇಳಿಕೊಡ್ತೀನಿ ಅಂದ್ರುರೀ" ಎಂದಳು ರತ್ನ.

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲಕ್ಕೂ ಹೊಸ ನಾಮಕರಣ. ಮೊಮ್ಮಗನಿಗೆ ಕೈ ತೊಳೆಯೋ ಎಂದು ಗದರಿದರೆ ಅದು ಸಾಮಾಜೀಕರಣ. ಪಕ್ಕದ ಮನೆಯವರು ನನ್ನ ಬಗ್ಗೆ ಆಡಿಕೊಂಡರೆ ಅದು ಸಾಮಾಜಿಕ ನಿಯಂತ್ರಣ. ಒಂದು ದಿನ ಕಾಫಿ ತಡವಾಯಿತೆಂದು ನಾನು ಗುಡುಗಿದೆ.

"ಈ ಮನೆಗೆ ಯಜಮಾನ ಯಾರೇ?"

"ನೀವೇರೀ, ಯಾರಿಲ್ಲ ಅಂದ್ರು? ಆದ್ರೆ ಅದು ಆರೋಪಿತ ಅಂತಸ್ತು."

"ಏನು, ನನ್ನ ಮೇಲೆ ಕೇಸ್ ಹಾಕಿದ್ದೀಯಾ?"

"ಹಂಗಲ್ಲ. ಹುಟ್ಟಿದ್ದಕ್ಕೇ ಸುಮ್ಮನೆ ಸಿಕ್ಕಿದ್ದು ಅಂತ. ಗಂಡಸಾಗಿ ಹುಟ್ಟಿದ್ರಿ, ಯಜಮಾನ ಆದ್ರಿ. ನೀವೇನು ಕಷ್ಟಪಟ್ಟಿದ್ದೀರಾ? ಅದೇ ನಮ್ಮ ಸಾರ್‌ದು ನೋಡಿ, ಓದಿ, ದುಡಿದು, ಗಳಿಸಿದ ಅಂತಸ್ತು."

ನಮ್ಮ ಸಾರ್! ಆ 'ನಮ್ಮ' ಇದೆಯಲ್ಲ, ಅದು ಕಾಫಿಗಿಂತ ಬಿಸಿಯಾಗಿ ನನ್ನೆದೆಯಲ್ಲಿ ಇಳಿಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಅವಳ ಬಿ.ಎ. ಓದಿನ ಕೇಂದ್ರದವರು ಒಂದು ಸೆಮಿನಾರ್ ಇಟ್ಟಿದ್ದರು. ಇವಳು ವೇದಿಕೆ ಹತ್ತಿ ಮಾತಾಡಬೇಕು. ಕೊನೆಯಲ್ಲಿ, ತನಗೆ ನೆರವಾದವರ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಬೇಕು. ಇದನ್ನು ಕೇಳಿದ ಕ್ಷಣವೇ ನಾನು ತೀರ್ಮಾನಿಸಿದೆ. ಮೈಕಿನಲ್ಲಿ ಆ ಹೆಸರು ಬಂದರೆ ನನ್ನದೇ ಬರಬೇಕು, ಪ್ರಭಾಕರನದಲ್ಲ!

ಅದಕ್ಕೆ ನಾನೂ ಶಾಸ್ತ್ರಜ್ಞನಾಗಬೇಕಲ್ಲ? ರತ್ನ ಮಾರ್ಕೆಟ್ಟಿಗೆ ಹೋದಾಗ ಅವಳ ಪುಸ್ತಕ ತೆಗೆದು ಅರ್ಧ ಪಾಠ ಓದಿದೆ. ಪೂರ್ತಿ ಓದುವುದು ದಡ್ಡರ ಕೆಲಸ. ಪ್ರಾಥಮಿಕ ಸಮೂಹ ಎಂದರೆ ಮನೆಮಂದಿ, ದ್ವಿತೀಯಕ ಸಮೂಹ ಎಂದರೆ ಹೊರಗಿನವರು. ಇಷ್ಟೇ ತಾನೇ! ಸೀದಾ ಟೀ ಅಂಗಡಿಗೆ ಹೋಗಿ, ಎಲ್ಲರೆದುರು ಪಿಳ್ಳಪ್ಪನ ಹೆಗಲ ಮೇಲೆ ಕೈಯಿಟ್ಟು ಘೋಷಿಸಿದೆ.

"ಪಿಳ್ಳಪ್ಪ, ಶಾಸ್ತ್ರದ ಪ್ರಕಾರ ನೀನು ನನಗೆ ದ್ವಿತೀಯಕ ಕಣಯ್ಯ."

ಅವನು ಟೀ ಲೋಟ ಕೆಳಗಿಟ್ಟ. ಸಿಟ್ಟು ಬಂದರೆ ಅವನ ಮಾತಿಗೆ ತೆಲುಗು ಸೇರುತ್ತದೆ. "ಏಮಪ್ಪಾ? ನಾನು ಸೆಕೆಂಡಾ? ಚಡ್ಡಿ ಹಾಕ್ಕೊಳ್ಳೋ ಕಾಲದಿಂದ ನಿನ್ನ ಜೊತೆ ಇದ್ದೀನಿ. ನಾನು ಸೆಕೆಂಡಾದ್ರೆ ಫಸ್ಟು ಯಾವನಯ್ಯಾ?"

"ಅದು ಹಂಗಲ್ವೋ, ಪುಸ್ತಕದಲ್ಲಿ..."

"ಪುಸ್ತಕದಲ್ಲಿ ನನ್ನ ಹೆಸರೂ ಬರೆದಿದ್ದಾರಾ? ನಿನ್ನ ಚಪ್ಪಲಿ ಆಟ ಸಹಿಸ್ಕೊಂಡೆ. ಇದನ್ನ ಸಹಿಸಲ್ಲ. ಪೋ!"

ಹೋದ. ಅವನ ಹೆಂಡತಿಯನ್ನೂ ನಮ್ಮ ಮನೆಯ ಕಡೆ ಸುಳಿಯಗೊಡಲಿಲ್ಲ. ಮನೆಗೆ ಬಂದು ಪಾಠದ ಉಳಿದರ್ಧ ನೋಡಿದರೆ, ಆಪ್ತ ಗೆಳೆಯರೂ ಪ್ರಾಥಮಿಕ ಸಮೂಹಕ್ಕೇ ಸೇರುತ್ತಾರಂತೆ! ಅದನ್ನು ಮುಂದಿನ ಪುಟದಲ್ಲಿ ಹಾಕಿದ್ದರೆ ನಾನೇನು ಮಾಡಲಿ?

ಇದರ ಏಟು ಎಲ್ಲಿಗೆ ಬಿತ್ತು ಎಂದರೆ, ಅವರೆಕಾಯಿಗೆ. ನಮ್ಮ ಕಡೆ ಚಳಿಗಾಲ ಬಂತೆಂದರೆ ಹಿತಕಿದ ಬೇಳೆ ಸಾರು. ನೆನೆಹಾಕಿದ ಅವರೆಕಾಳನ್ನು ಒಂದೊಂದಾಗಿ ಬೆರಳಲ್ಲಿ ಹಿತುಕಿ ಸಿಪ್ಪೆಯಿಂದ ಬೇಳೆ ಬಿಡಿಸಬೇಕು. ಒಬ್ಬರು ಮಾಡುವ ಕೆಲಸವಲ್ಲ ಅದು. ಎರಡು ಮನೆಯವರು ಜಗಲಿಯ ಮೇಲೆ ಸುತ್ತ ಕೂತು, ಊರವರ ಸುದ್ದಿಯನ್ನೂ ಬೇಳೆಯನ್ನೂ ಒಟ್ಟಿಗೇ ಹಿತುಕಬೇಕು. ಸಾದಲಿಯಿಂದ ನಮ್ಮ ಭಾವಮೈದ ಒಂದು ಮೂಟೆ ಸೊಗಡಿನ ಅವರೆ ಕಳಿಸಿದ್ದ. ರತ್ನ ಹೇಳಿದಳು.

"ಭಾನುವಾರ ಸಾರ್‌ನ ಊಟಕ್ಕೆ ಕರೆದಿದ್ದೀನಿ. ಪಿಳ್ಳಪ್ಪಣ್ಣನ ಮನೆಯವರು ಬರಲ್ವಂತೆ, ನಿಮ್ಮ ದಯೆ. ಬನ್ನಿ, ಕೂತ್ಕೊಳ್ಳಿ."

ಭಾನುವಾರ ಬೆಳಗಿನಿಂದ ಹಿತುಕಿದೆ. ಹೆಬ್ಬೆರಳು ನೊಂದಿತು, ಉಗುರಿನ ಸಂದು ಉರಿಯಿತು. ಒಂದು ಬೇಳೆ ಹಾರಿ ಕನ್ನಡಕಕ್ಕೆ ಬಡಿಯಿತು. ಯಾರಿಗಾಗಿ? ಇಸ್ತ್ರಿ ಅಂಗಿಯವನಿಗಾಗಿ! ಆದರೂ ನಾನು ಒಳಗೊಳಗೇ ನಗುತ್ತಿದ್ದೆ. ಯಾಕೆಂದರೆ ನನ್ನ ಹತ್ತಿರ ಒಂದು ಮದ್ದಿತ್ತು.

ಹಿಂದಿನ ವಾರ ಪ್ರಭಾಕರ್ ಜಗಲಿಯ ಮೇಲೆ ಕೂತು ಇವಳಿಗೆ ಹೇಳಿದ್ದನ್ನು ನಾನು ಬಾಗಿಲ ಹಿಂದಿನಿಂದ ಕೇಳಿಸಿಕೊಂಡಿದ್ದೆ. ಕದ್ದು ಕೇಳಿದ್ದಲ್ಲ, ನನ್ನ ಮನೆಯ ಬಾಗಿಲು ಅದು.

"ನೋಡಿಯಮ್ಮ, ರೂಢಿ ಅನ್ನೋದು ಗಾಳಿ ಇದ್ದ ಹಾಗೆ. ಇರೋವಾಗ ಗೊತ್ತಾಗಲ್ಲ. ಮನೇಲೇ ಯಾವುದಾದರೂ ಸಣ್ಣ ರೂಢಿ ಮುರಿದು ನೋಡಿ, ಎದುರಿನವರು ಹೇಗೆ ಚಡಪಡಿಸ್ತಾರೆ ಅಂತ ಗಮನಿಸಿ. ಸೆಮಿನಾರಿಗೆ ಅದನ್ನೇ ಹೇಳಿ. ಮೊದಲೇ ಯಾರಿಗೂ ಬಾಯಿ ಬಿಡಬೇಡಿ."

ಆಹಾ! ಇದನ್ನು ಕಲಿಯಲು ಎಂ.ಎ. ಬೇಕೇ? ಹುಟ್ಟಿದಾಗಿನಿಂದ ನಾನು ಮಾಡಿದ್ದೇ ಇದು! ಆ ಪ್ರಯೋಗವನ್ನು ಅವರ ಮೇಲೇ ಮಾಡಿ ರತ್ನನ ಕೈಗೆ ಕೊಟ್ಟರೆ, ಸೆಮಿನಾರಿನಲ್ಲಿ ನನ್ನ ಹೆಸರು ಮೊಳಗದೆ ಇನ್ನೇನು?

ನಮ್ಮಲ್ಲಿ ಊಟದ ಪದ್ಧತಿ ನಿಮಗೆ ಗೊತ್ತಿರಬೇಕು. ಮೊದಲು ಬಡಿಸುವುದು ಬರೀ ನೆಪಕ್ಕೆ, ನಿಜವಾದ ಊಟ ಇರುವುದು ಎರಡನೇ ಸಲ ಬಡಿಸುವುದರಲ್ಲಿ. ಆಗ ಬಂದವರು "ಬೇಡ, ಬೇಡ, ಹೊಟ್ಟೆ ತುಂಬಿದೆ" ಎಂದು ತಟ್ಟೆಗೆ ಕೈ ಅಡ್ಡ ಹಿಡಿಯಬೇಕು. ಮನೆಯವರು "ಏನೂ ತಿಂದೇ ಇಲ್ಲ" ಎಂದು ಬೆರಳ ಸಂದಿಯಲ್ಲೇ ಸಾರು ಸುರಿಯಬೇಕು. ಆಮೇಲೆ ಎಲ್ಲರೂ ಹೊಟ್ಟೆ ಬಿರಿಯುವ ಹಾಗೆ ಉಣ್ಣಬೇಕು. ನನ್ನ ಉಪಾಯ ಇಷ್ಟೇ. ಪ್ರಭಾಕರ್ ನಾಚಿಕೊಂಡು "ಬೇಡ" ಎಂದ ತಕ್ಷಣ, ನಾನು ರತ್ನನಿಗೆ "ಬೇಡ ಅಂದ್ರಲ್ಲ, ಬಿಡು, ಬಲವಂತ ಮಾಡ್ಬಾರ್ದು" ಎನ್ನುವುದು. ಮೇಷ್ಟ್ರು ಅರೆಹೊಟ್ಟೆಯಲ್ಲಿ ಸಮಾಜವನ್ನು ಅಧ್ಯಯನ ಮಾಡಲಿ!

ಊಟಕ್ಕೆ ಕೂತೆವು. ಮೊದಲು ನಿಂಬೆಹಣ್ಣಿನ ಗಾತ್ರದ ಮುದ್ದೆ, ಅದರ ಮೇಲೆ ಒಂದು ಸೌಟು ಸಾರು. ಅದರ ಘಮಕ್ಕೆ ಎದುರು ಮನೆಯ ಪಿಳ್ಳಪ್ಪನೂ ಕೆಮ್ಮಿದ. ಅದು ಖಾಲಿಯಾಗುತ್ತಲೇ ರತ್ನ ಪಾತ್ರೆ ಹಿಡಿದು ಬಂದಳು. ನಾನು ಮಾತು ನಾಲಿಗೆಯ ತುದಿಗೆ ತಂದು ಸಿದ್ಧನಾದೆ.

"ಸಾರ್, ಇನ್ನೊಂದು ಮುದ್ದೆ?"

"ಹಾಕಿ ಅಮ್ಮ, ದೊಡ್ಡದೇ ಹಾಕಿ" ಎಂದರು ಪ್ರಭಾಕರ್.

"ಬೇಡ ಅಂದ್ರಲ್ಲ, ಬಿಡು!" ಎಂದೆ ನಾನು.

ಬಾಯಿ ಒಂದು ಸಲ ಹೊರಟ ಮೇಲೆ ಬ್ರೇಕ್ ಹಿಡಿಯುತ್ತದೆಯೇ?

"ನಾನು ಬೇಡ ಅನ್ನಲಿಲ್ಲವಲ್ಲ, ಯಜಮಾನರೇ" ಎಂದರು ಅವರು ಮೆಲ್ಲಗೆ.

"ಹೆ ಹೆ, ನಿಮಗಲ್ಲ ಸಾರ್. ನನಗೆ ಬೇಡ ಅಂತ ಹೇಳ್ದೆ."

"ನಿಮಗೆ ಬೇಡ್ವಾ? ಸರಿ" ಎಂದಳು ರತ್ನ. ಅಷ್ಟೇ! ಮುಂದೆ ನಡೆದೇಬಿಟ್ಟಳು! ಮದುವೆಯಾದ ಲಾಗಾಯ್ತು ನನ್ನ 'ಬೇಡ'ವನ್ನು ಕಿವಿಗೇ ಹಾಕಿಕೊಳ್ಳದವಳು!

ತಾಳ್ಮೆ, ಸುತ್ತು ಹೊಡೆದು ಮತ್ತೆ ಬರುತ್ತಾಳೆ ಎಂದು ಕಾದೆ. ಬಂದಳು. "ನಿಮಗೆ ಸ್ವಲ್ಪ ಸಾರು?" ಎಂದಳು. ಅತಿಥಿಯ ಎದುರು ಮನೆಯ ಯಜಮಾನ ತಟ್ಟೆ ಚಾಚಲಾಗುತ್ತದೆಯೇ? ಗತ್ತಿನಿಂದ "ನನಗೆ ಸಾಕು, ಮೊದಲು ಅವರಿಗೆ ಹಾಕು" ಎಂದೆ.

ಅವರಿಗೇ ಹಾಕಿದಳು. ಅವರು "ಹಾಕಿ" ಎಂದರು. ಇವಳು ಹಾಕಿದಳು. ಮತ್ತೆ "ಹಾಕಿ" ಎಂದರು. ನಾನು ಬೆಳಗಿನಿಂದ ಹಿತುಕಿದ ಬೇಳೆಗಳು ಒಂದೊಂದಾಗಿ ನನ್ನ ಕಣ್ಣೆದುರೇ ಆ ಇಸ್ತ್ರಿ ಅಂಗಿಯೊಳಗೆ ಇಳಿದವು. ಕೊನೆಗೆ ಪಾತ್ರೆಯ ತಳಕ್ಕೆ ಸೌಟು ತಾಗಿ ಕರ್ ಎಂದಿತು. ಆ ಸದ್ದಿಗೆ ನನ್ನ ಗತ್ತು ಹಾರಿಹೋಯಿತು.

"ಏನೇ ಇದು? ನನ್ನ ಮನೇಲಿ ನನಗೇ ಉಪಚಾರ ಇಲ್ವಾ? ಬೇಡ ಅಂದ್ರೆ ಬೇಡಾನಾ? ಬುದ್ಧಿ ಇದೆಯಾ ನಿನಗೆ?"

ರತ್ನ ನನ್ನ ಕಡೆ ತಿರುಗಲೂ ಇಲ್ಲ. "ನೋಡಿದ್ರಾ ಸಾರ್? ಮೊದಲು ಗಲಿಬಿಲಿ, ಆಮೇಲೆ ಸಿಟ್ಟು. ನೀವು ಹೇಳಿದ ಹಾಗೇ!"

"ಬಹಳ ಶುದ್ಧವಾದ ಪ್ರತಿಕ್ರಿಯೆ ಅಮ್ಮ" ಎಂದರು ಪ್ರಭಾಕರ್, ಕೈ ನೆಕ್ಕುತ್ತಾ.

ಆಗ ನನಗೆ ಹೊಳೆಯಿತು. ಪ್ರಯೋಗ ನಡೆದಿತ್ತು. ಇಲಿ ಮಾತ್ರ ನಾನು!

"ಕಟ್ಟಿಕೊಂಡ ಗಂಡನ ಮೇಲೆ ಪ್ರಯೋಗವಾ?"

"ಮೊದಲೇ ಯಾರಿಗೂ ಹೇಳಬಾರದು ಅಂದಿದ್ರುರೀ. ಬೇಜಾರು ಮಾಡ್ಕೋಬೇಡಿ, ಮೊಸರನ್ನ ಕಲಸಿಕೊಡ್ಲಾ?"

"ಬೇಡ!" ಎಂದೆ ಸಿಟ್ಟಿನಲ್ಲಿ. ಅದನ್ನೂ ಕೊಡಲಿಲ್ಲ!

ಹೊಟ್ಟೆಯಲ್ಲಿ ಹಸಿವು ಒಂದು ಕಡೆ, ಕಿಚ್ಚು ಒಂದು ಕಡೆ. ಎದ್ದು ಸೀದಾ ಪಿಳ್ಳಪ್ಪನ ಮನೆಗೆ ಹೋದೆ. ಅವರಲ್ಲೂ ಅದೇ ಸಾರಿನ ಘಮ. ಪಿಳ್ಳಪ್ಪ ತಟ್ಟೆಯ ಮುಂದಿನಿಂದಲೇ ಬಿಗುವಾಗಿ ಕೇಳಿದ.

"ಊಟ ಆಯ್ತಾ?"

"ಆಯ್ತು" ಎಂದಿತು ನನ್ನ ನಾಲಿಗೆ. ಅದರ ತಪ್ಪಲ್ಲ. ಆ ಪ್ರಶ್ನೆಗೆ ಅದು ಬೇರೆ ಉತ್ತರವನ್ನೇ ಕಲಿತಿರಲಿಲ್ಲ.

"ಸರಿ ಹಂಗಾದ್ರೆ. ಸೆಕೆಂಡ್ ಮನೇಲಿ ನಿನಗೇನು ಕೆಲಸ?" ಎಂದು ಅವನು ಮುದ್ದೆ ಮುರಿದ.

ಆ ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ ಒಣ ಬನ್ನು ತಿಂದೆ. ಇಡೀ ಊರಿಗೆ ಟೋಪಿ ಹಾಕಿದ ವೆಂಕಟರವಣಪ್ಪ, ನಿಂತುಕೊಂಡೇ ತಿಂದೆ.

ಆದರೆ ಬನ್ನು ಮುಗಿಯುವಷ್ಟರಲ್ಲಿ ನನಗೊಂದು ಸಮಾಧಾನ ಸಿಕ್ಕಿತು. ಪ್ರಯೋಗಕ್ಕೆ ಒಳಗಾದವನು ನಾನು ತಾನೇ? ನಾನಿಲ್ಲದೆ ಅವಳಿಗೆ ಸೆಮಿನಾರ್ ಎಲ್ಲಿಯದು? ಹಾಗಾದರೆ ಹೆಸರು ನನ್ನದೇ! ಈ ಧೈರ್ಯದಲ್ಲಿ ಪಿಳ್ಳಪ್ಪನ ಕಾಲು ಹಿಡಿದು, "ನೀನೇ ಪ್ರಾಥಮಿಕ, ನೀನೇ ಫಸ್ಟು, ನನ್ನ ಹೆಸರನ್ನ ಮೈಕಲ್ಲಿ ಕೂಗೋದನ್ನ ನೋಡು ಬಾ" ಎಂದು ಅವನನ್ನೂ ಚಿಕ್ಕಬಳ್ಳಾಪುರಕ್ಕೆ ಹೊರಡಿಸಿದೆ. ಗರಿಗರಿ ಅಂಗಿ ತೊಟ್ಟೆ. ನಾನೂ ಇಸ್ತ್ರಿ ಮಾಡಿಸಿದ್ದೆ!

ಸಭಾಂಗಣದ ತುಂಬ ಹುಡುಗ ಹುಡುಗಿಯರು. ರತ್ನ ವೇದಿಕೆ ಹತ್ತಿ ಮೊದಲು ಕಾಗದವನ್ನು ತಲೆಕೆಳಗಾಗಿ ಹಿಡಿದಳು. ಆಮೇಲೆ ನೋಡಬೇಕಿತ್ತು ನೀವು! ರೂಢಿ ಎಂದರೇನು, ಅದನ್ನು ಮುರಿದರೆ ಏನಾಗುತ್ತದೆ ಎಂದು ಸಲೀಸಾಗಿ ಹೇಳಿದಳು. ಆಮೇಲೆ ನನ್ನ ಕತೆ ಬಂತು. ನಾನು ಎದೆ ಸೆಟೆಸಿದೆ.

"ನಮ್ಮ ಬೀದಿಯ ಒಬ್ಬ ಹಿರಿಯ ನಾಗರಿಕರು" ಎಂದಳು.

ಒಬ್ಬ ಹಿರಿಯ ನಾಗರಿಕ? ಹೆಸರಿಲ್ಲವೇ?

"ಆ ಹಿರಿಯರಿಗೆ ಬಂದಿದ್ದ ಅತಿಥಿಯ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು" ಎಂದಳು. ಸಭೆ ಗೊಳ್ಳೆಂದಿತು. ಖಾಲಿ ಪಾತ್ರೆಯ ಕರ್ ಸದ್ದನ್ನು ಮಾಡಿ ತೋರಿಸಿದಳು. ಹುಡುಗರು ಬೆಂಚು ಬಡಿದರು. ಇರಲಿ, ಕೊನೆಯಲ್ಲಿ ಹೆಸರು ಬರುತ್ತದೆ ಎಂದು ಹಲ್ಲು ಕಚ್ಚಿ ಕೂತೆ.

"ನನಗೆ ಈ ದಾರಿ ತೋರಿಸಿದ ಪ್ರಭಾಕರ್ ಸಾರ್ ಅವರಿಗೆ ನನ್ನ ಅನಂತ ಕೃತಜ್ಞತೆಗಳು."

ಚಪ್ಪಾಳೆ! ಪ್ರಭಾಕರ್ ಎದ್ದು ನಾಲ್ಕೂ ದಿಕ್ಕಿಗೆ ಕೈ ಮುಗಿದರು. ರತ್ನ ಕಾಗದ ಮಡಚಿದಳು.

"ನಿನ್ನ ಹೆಸರು ಯಾವಾಗಪ್ಪಾ?" ಎಂದ ಪಿಳ್ಳಪ್ಪ, ಮೊಣಕೈಯಿಂದ ತಿವಿದು.

ಎಲ್ಲಿತ್ತೋ ಆ ಕಿಚ್ಚು, ಎದ್ದು ನಿಂತೇಬಿಟ್ಟೆ. "ಆ ಹಿರಿಯ ನಾಗರಿಕ ನಾನೇ! ವೆಂಕಟರವಣಪ್ಪ, ಶಿಡ್ಲಘಟ್ಟ! ಬೇಳೆ ಹಿತುಕಿದವನೂ ನಾನೇ, ಉಪವಾಸ ಬಿದ್ದವನೂ ನಾನೇ, ಹೊಟ್ಟೆಕಿಚ್ಚು ಪಟ್ಟವನೂ ನಾನೇ!"

ಚಾವಣಿ ಹಾರುವ ಹಾಗೆ ನಗು, ಚಪ್ಪಾಳೆ. ಹುಡುಗಿಯರು ಮೊಬೈಲು ಎತ್ತಿದರು. ರತ್ನ ವೇದಿಕೆಯ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪಿಳ್ಳಪ್ಪ ಮೆಲ್ಲಗೆ ಎದ್ದು ಹಿಂದಿನ ಸಾಲಿಗೆ ಹೋಗಿ ಕೂತು, ಪಕ್ಕದವರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಆಯಪ್ಪ ಯಾರೋ ಗೊತ್ತಿಲ್ಲ ನನಗೆ."

ವಾಪಸ್ ಬರುವಾಗ ಬಸ್ಸಿನಲ್ಲಿ ರತ್ನ ಶುರುಮಾಡಿದಳು.

"ಪ್ರಯೋಗಕ್ಕೆ ಒಳಗಾದವರ ಹೆಸರು ಹೇಳಬಾರದು ಅಂತ ಶಾಸ್ತ್ರದಲ್ಲೇ ಇದೆ. ನಿಮ್ಮ ಮಾನ ಉಳಿಸೋಣ ಅಂತ ನಾನು ಒದ್ದಾಡಿದ್ರೆ, ನೀವೇ ಊರು, ಹೆಸರು ಎಲ್ಲ ಕೂಗಿ ಹೇಳಿದ್ರಲ್ರೀ!"

"ಮಾನ ಹೋದ್ರೆ ಹೋಗ್ಲಿ ಬಿಡೇ. ಚಪ್ಪಾಳೆ ಯಾರಿಗೆ ಜೋರಾಗಿತ್ತು? ಅವರಿಗಾ, ನನಗಾ?"

"ನಿಮಗೇ" ಎಂದಳು. ತಡೆಯಲಾರದೆ ನಕ್ಕೂಬಿಟ್ಟಳು. "ಸಾರ್ ಏನಂದ್ರು ಗೊತ್ತಾ? ಇಷ್ಟು ವರ್ಷ ಪಾಠ ಹೇಳಿದ್ದೀನಿ, ತಾನಾಗಿ ಎದ್ದು ನಿಂತ್ಕೊಂಡ ಉದಾಹರಣೆನ ಇದೇ ಮೊದಲು ನೋಡಿದ್ದು ಅಂದ್ರು. ನಿಮ್ಮಂಥ ಮನುಷ್ಯ ಪುಸ್ತಕದಲ್ಲಿ ಹುಡುಕಿದ್ರೂ ಸಿಗಲ್ವಂತೆ."

ಅದು ಹೊಗಳಿಕೆಯೋ, ತೆಗಳಿಕೆಯೋ? ಬಸ್ಸು ಎರಡು ತಿರುವು ದಾಟುವವರೆಗೂ ಯೋಚಿಸಿದೆ, ತಿಳಿಯಲಿಲ್ಲ. ಅದೂ ಬಂದದ್ದು ಆ ಪ್ರಭಾಕರನ ಬಾಯಿಂದ! ಇಂಥದ್ದನ್ನು ಮಾನವಂತರು ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ, ಗಂಟಲು ಸರಿಮಾಡಿಕೊಂಡು ಹೇಳಿದೆ.

"ಬಸ್ ಸದ್ದಲ್ಲಿ ಸರಿಯಾಗಿ ಕೇಳಿಸಲಿಲ್ಲ. ಏನಂದ್ರು ಅಂದೆ? ಇನ್ನೊಂದ್ಸಲ ಹೇಳೇ."