ಕಮಟು ಹಿಡಿಯದ ಮಿಕ್ಸ್ಚರ್

ಹಳಸದ ತಿಂಡಿಯ ಸಹವಾಸ ಮಾಡಿದವರಿಗೆ ಇಂಥವು ಆಗುತ್ತಲೇ ಇರುತ್ತವೆ. ನಾನು ದಿಲ್ಲಿಯ ಹೊರಗಿನ ಒಂದು ಕುರುಕಲು ತಿಂಡಿ ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ಕರಿಯುವ ಎಣ್ಣೆಗೆ ಟಿಬಿಎಚ್‌ಕ್ಯೂ ಎಂಬ ಪುಡಿಯನ್ನು ಇಷ್ಟೇ ಇಷ್ಟು ಬೆರೆಸುತ್ತಾರೆ. ಗಾಳಿ ತಾಗಿ ಎಣ್ಣೆ ಕಮಟು ಹಿಡಿಯುವುದನ್ನು ಅದು ತಡೆಯುತ್ತದೆ. ಕಮಟಿದೆಯೇ ಎಂದು ಮೂಸಿ ನೋಡುವುದು ನನ್ನ ಕೆಲಸ. ಮಾತಾಡಬೇಕಿಲ್ಲ ಎಂದೇ ಒಪ್ಪಿಕೊಂಡಿದ್ದೆ.

೧. ಕತ್ತಲೆ ಕೋಣೆ

ಪ್ರತಿ ಸಲ ಕರಿದದ್ದರಲ್ಲಿ ಒಂದು ಪೊಟ್ಟಣವನ್ನು ಆಮೇಲಿನ ಪರೀಕ್ಷೆಗೆಂದು ಕತ್ತಲೆ ಕೋಣೆಯಲ್ಲಿ ಎತ್ತಿಡುತ್ತಿದ್ದರು. ಮೊದಲ ದಿನ, ಅವಧಿ ಮುಗಿದ ಒಂದನ್ನು ಬಿಚ್ಚಿದೆ. ಆಗಷ್ಟೇ ಬಾಣಲೆಯಿಂದ ತೆಗೆದ ಘಮ. ಒಲೆಯೇ ಇಲ್ಲದ ಕೋಣೆಯಲ್ಲಿ ಬೆನ್ನ ಹಿಂದೆ ಯಾರೋ ಕರಿಯುತ್ತಿದ್ದಾರೆ ಅನ್ನಿಸಿ ತಿರುಗಿದರೆ, ಬಾಗಿಲಲ್ಲಿ ನಮ್ಮ ಹಿರಿಯ ಕೆಮಿಸ್ಟ್.

"ಅರೇ, ಹೆದರಬೇಡಿ," ಎಂದರು ಪೊಟ್ಟಣಗಳತ್ತ ಕೈ ತೋರಿಸಿ, ಗಂಭೀರವಾಗಿ. "ಇಲ್ಲಿರೋರೆಲ್ಲ ಸತ್ತುಹೋಗಿದ್ದಾರೆ. ಅವರಿಗಿನ್ನೂ ಯಾರೂ ಹೇಳಿಲ್ಲ, ಅಷ್ಟೇ."

೨. ಇರುವೆ

ದಿಲ್ಲಿಯ ರೋಹಿಣಿ ಬಡಾವಣೆಯಲ್ಲಿ ನನಗೆ ಮಹಡಿ ಕೋಣೆ ಕೊಟ್ಟವರು ಕನ್ನಡದ ಅಜ್ಜ-ಅಜ್ಜಿ. ಅಜ್ಜ ನಿವೃತ್ತ ಗುಮಾಸ್ತರು, ಮಿಕ್ಸ್ಚರ್ ಅಂದರೆ ಪ್ರಾಣ. ನಾನು ಬಂದ ವಾರದಲ್ಲೇ ಅವರಿಗೆ ಕಾರ್ಖಾನೆಯ ಪೊಟ್ಟಣವೊಂದನ್ನು ಕೊಟ್ಟೆ. ಅಜ್ಜಿ ಕಸಿದುಕೊಂಡರು: "ಸಾಕು ರೀ, ಬಿಪಿ!" ಪೊಟ್ಟಣ ಬೀರು ಸೇರಿತು. ಆ ತಿಂಗಳೇ ಅಜ್ಜ ನಿದ್ದೆಯಲ್ಲೇ ತೀರಿಕೊಂಡರು. "ಕೈ ಚಾಚಿದ್ರು ಕಣೇ, ನಾನು ಕೊಡಲಿಲ್ಲ," ಎಂದು ಅಜ್ಜಿ ಆಮೇಲೆ ಹೇಳುತ್ತಲೇ ಇದ್ದರು.

ಜನವರಿಯಲ್ಲಿ ಅಜ್ಜಿ ನಾನು ಕಾರ್ಖಾನೆಯಿಂದ ತಂದ ಚಕ್ಕುಲಿಯನ್ನು ಕಿಟಕಿಯಲ್ಲಿಟ್ಟು ಪರೀಕ್ಷಿಸಿದರು. "ಇರುವೇನೂ ಮುಟ್ಟಿಲ್ಲ. ವಿಷಾನೇ!"

"ಇಲ್ಲ ಅಜ್ಜಿ. ಆ ಪುಡಿಗೆ ಕಾನೂನಲ್ಲಿ ಲಿಮಿಟ್ ಇದೆ, ಅದರೊಳಗಿದ್ರೆ ಸೇಫ್. ಇರುವೆಗೂ ಅದಕ್ಕೂ ಕನೆಕ್ಷನ್ನೇ ಇಲ್ಲ. ಈ ಚಳಿಗೆ ಸಕ್ಕರೆಗೂ ಬಂದಿಲ್ಲ, ನೋಡಿ."

ಅಜ್ಜಿ ಸಕ್ಕರೆ ಡಬ್ಬಿಯನ್ನು ದೂರ ತಳ್ಳಿದರು. "ಅಯ್ಯೋ ರಾಮ, ಸಕ್ಕರೆಗೂ ಹಾಕ್ತೀರಾ!"

೩. ಕಾಗೆ

ಅದೇ ತಿಂಗಳು ಅಜ್ಜನ ಆರನೇ ಮಾಸಿಕ. ತಾರಸಿಯ ಮೇಲೆ ಬಾಳೆಎಲೆ ಹಾಸಿ ಪಿಂಡ, ವಡೆ, ಪಾಯಸ ಇಟ್ಟರು. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಮಂಜಿನೊಳಗಿಂದ ಒಂದೇ ಒಂದು ಕಾಗೆ ಬಂದು ನೀರಿನ ಟ್ಯಾಂಕಿನ ಮೇಲೆ ಕೂತಿತು. ಎಲೆಯನ್ನು ನೋಡಲಿಲ್ಲ. ಅಜ್ಜಿಯನ್ನೇ ನೋಡುತ್ತಿತ್ತು.

"ದಿಲ್ಲಿ ಕಾಗೆ ಅಮ್ಮಾ, ಉದ್ದಿನ ವಡೆ ಅಭ್ಯಾಸ ಇಲ್ಲ," ಎಂದರು ಪುರೋಹಿತರು. ಅಜ್ಜಿ ನಗಲಿಲ್ಲ. ಸರಸರನೆ ಕೆಳಗಿಳಿದು ಬೀರುವಿನಿಂದ ಆ ಪೊಟ್ಟಣ ತಂದರು.

"ಅದರಲ್ಲಿ ಬೆಳ್ಳುಳ್ಳಿ ಇದೆ, ಅಜ್ಜಿ," ಎಂದೆ ಮೆಲ್ಲಗೆ.

ಪುರೋಹಿತರು ತಕ್ಷಣ ಆಚೆ ತಿರುಗಿದರು. "ನಾನೇನೂ ನೋಡಿಲ್ಲ."

ಅಜ್ಜಿ ಪೊಟ್ಟಣ ಹರಿದು ಮೂಸಿದರು. ಒಂದಿಷ್ಟೂ ಕಮಟಿಲ್ಲ, ಅಜ್ಜ ಕೈ ಚಾಚಿದ ಆ ಸಂಜೆಯದೇ ಘಮ. "ಈ ಪುಡೀನ ಅವರಿಗೂ ಒಂಚೂರು ಹಾಕಬಹುದಿತ್ತಲ್ಲೇ," ಎಂದು ಒಂದು ಹಿಡಿ ಎಲೆಗೆ ಸುರಿದರು.

ಕಾಗೆ ನೇರ ಇಳಿದು ಅಷ್ಟನ್ನೂ ಹೆಕ್ಕಿ ತಿಂದಿತು. ಅಜ್ಜಿ ಕಣ್ಣೊರೆಸಿಕೊಂಡರು. ಅದು ಕುಪ್ಪಳಿಸುತ್ತ ಹತ್ತಿರ ಬಂದು ಪೊಟ್ಟಣಕ್ಕೇ ಕೊಕ್ಕು ಚಾಚಿತು.

ಅಜ್ಜಿ ಥಟ್ಟನೆ ಪೊಟ್ಟಣವನ್ನು ಸೆರಗಿನೊಳಗೆ ಎಳೆದುಕೊಂಡರು. "ಸಾಕು ರೀ, ಬಿಪಿ!"

ಕಾಗೆ ಸಿಡುಕಿ ಒಂದು ಸಲ ಕೂಗಿ, ತೆಪ್ಪಗೆ ಹೋಗಿ ವಡೆ ತಿಂದಿತು.